ಹುಣಸೂರಿಗೆ ವಿಶ್ವನಾಥ್ ಬಂದದ್ದು ಯಾಕೆ?

2019ರ ಡಿಸೆಂಬರ್ 9. ಬೆಳಿಗ್ಗೆಯಿಂದ ಸ್ಟುಡಿಯೋದಲ್ಲೇ ಇದ್ದೆ. 15 ಕ್ಷೇತ್ರಗಳ ಉಪಚುನಾವಣೆಯ ಎಣಿಕೆ. ಬಿಜೆಪಿ 12 ಕಡೆ ಗೆದ್ದು ಯಡಿಯೂರಪ್ಪ ಸರ್ಕಾರ ಭದ್ರವಾಯ್ತು. ಆದರೆ ಹುಣಸೂರಿನಲ್ಲಿ ಅದರ ಅಭ್ಯರ್ಥಿ ಎಚ್. ವಿಶ್ವನಾಥ್ 39,727 ಮತಗಳಿಂದ ಸೋತರು. ಪಕ್ಷಾಂತರಕ್ಕೆ ಜನ ಪಾಠ ಕಲಿಸಿದ್ರು ಅಂತ ಹೇಳಿಬಿಟ್ಟೆ. ಹೇಳಿ ಮುಗಿಸೋದರೊಳಗೆ ನನಗೇ ಅನುಮಾನ ಶುರುವಾಯ್ತು. ಬಿಜೆಪಿ ಕಣಕ್ಕಿಳಿಸಿದ್ದ 13 ಅನರ್ಹ ಶಾಸಕರಲ್ಲಿ 11 ಮಂದಿ ಅವತ್ತು ಗೆದ್ದಿದ್ದಾರೆ. ಪಾಠ ಹುಣಸೂರಿಗೆ ಮಾತ್ರವಾ?

ಒಂದು ಹಳೇ ಲೆಕ್ಕ ನೆನಪಾಯ್ತು. 2008ರಲ್ಲಿ ಐಪಿಎಲ್‌ನ ಮೊದಲ ಹರಾಜು ನಡೆದಾಗ ನಾನು ಎಂಜಿನಿಯರಿಂಗ್ ಓದ್ತಿದ್ದೆ. ಧೋನಿ 15 ಲಕ್ಷ ಡಾಲರಿಗೆ ಚೆನ್ನೈ ಪಾಲಾದರು. ಮುಂಬೈಗೆ ಯಾಕೆ ಕಷ್ಟವಿತ್ತು ಗೊತ್ತಾ? ಅಲ್ಲಿ ಸಚಿನ್ 'ಐಕಾನ್' ಆಟಗಾರ. ತಂಡದ ಅತಿ ದುಬಾರಿ ಆಟಗಾರನಿಗಿಂತ ಐಕಾನ್‌ಗೆ ಶೇ 15ರಷ್ಟು ಹೆಚ್ಚು ಕೊಡಬೇಕು ಅನ್ನೋದು ನಿಯಮ. ಧೋನಿಯ ಬೆಲೆ ಏರಿದರೆ ಸಚಿನ್ ಬೆಲೆಯೂ ಏರುತ್ತೆ. ಚೆನ್ನೈಗೆ ಐಕಾನೇ ಇರಲಿಲ್ಲ, ಕೈ ಖುಲ್ಲಾ. ಅಂದರೆ ನಿಮ್ಮ ಮನೆಯಲ್ಲಿ ಈಗಾಗಲೇ ಯಾರಿದ್ದಾರೆ ಅನ್ನೋದೇ ಹೊಸಬರು ಎಲ್ಲಿಗೆ ಹೋಗ್ತಾರೆ ಅನ್ನೋದನ್ನ ತೀರ್ಮಾನಿಸುತ್ತೆ.

ಈ ಲೆಕ್ಕ ಇಟ್ಟುಕೊಂಡು ಹುಣಸೂರಿಗೆ ಬನ್ನಿ. ವಿಶ್ವನಾಥ್ ಹುಣಸೂರಿನವರೇ ಅಲ್ಲ. ಅವರ ನೆಲ ಪಕ್ಕದ ಕೆ.ಆರ್. ನಗರ. 1978, 1989, 1999ರಲ್ಲಿ ಕಾಂಗ್ರೆಸ್‌ನಿಂದ ಅಲ್ಲೇ ಗೆದ್ದವರು. ಆಮೇಲೆ ಸಿದ್ದರಾಮಯ್ಯ ಕಾಂಗ್ರೆಸ್‌ಗೆ ಬಂದರು. ಇಬ್ಬರದೂ ಒಂದೇ ಜಿಲ್ಲೆ, ಒಂದೇ ಸಮುದಾಯ. ಒಂದೇ ಜಾಗಕ್ಕೆ ಇಬ್ಬರು ಬ್ಯಾಟ್ಸ್‌ಮನ್ ಇದ್ದ ಹಾಗೆ! 2017ರಲ್ಲಿ ವಿಶ್ವನಾಥ್ ಕಾಂಗ್ರೆಸ್ ಬಿಟ್ಟು ಜೆಡಿಎಸ್ ಸೇರಿದರು. ಆದರೆ ಜೆಡಿಎಸ್‌ನ ಕೆ.ಆರ್. ನಗರದಲ್ಲಿ ಸಾ.ರಾ. ಮಹೇಶ್ 2008ರಿಂದ ಕೂತಿದ್ದಾರೆ. ಅವರನ್ನ ಎಬ್ಬಿಸೋ ಹಾಗಿಲ್ಲ. ಹಾಗಾಗಿ ವಿಶ್ವನಾಥ್‌ಗೆ ಸಿಕ್ಕಿದ್ದು ಹುಣಸೂರು.

ಅಲ್ಲಿ ಇನ್ನೊಬ್ಬರ ಕಣ್ಣಿತ್ತು. ಜಿ.ಟಿ. ದೇವೇಗೌಡರು ಹುಣಸೂರಿನ ಮಾಜಿ ಶಾಸಕರು. ಬಿಜೆಪಿಗೆ ಹೋಗಿ 2008ರಲ್ಲಿ ಅಲ್ಲೇ ಸೋತು, ಜೆಡಿಎಸ್‌ಗೆ ವಾಪಸ್ ಬಂದು ಚಾಮುಂಡೇಶ್ವರಿಯಲ್ಲಿ ನೆಲೆಯಾದವರು. ಹುಣಸೂರು ಅವರ ಮಗ ಹರೀಶ್‌ಗೌಡರಿಗೆ ಅನ್ನೋ ಮಾತು ಜೋರಾಗಿತ್ತು. ಮಗನಿಗೆ ಟಿಕೆಟ್ ಸಿಗಲಿಲ್ಲ. 2018ರ ಫಲಿತಾಂಶ ನೋಡಿದವರು ಜೆಡಿಎಸ್‌ನ ಆಯ್ಕೆಯೇ ಸರಿ ಅಂದರು. ಚಾಮುಂಡೇಶ್ವರಿಯಲ್ಲಿ ಜಿ.ಟಿ.ಡಿ. 36,042 ಮತಗಳಿಂದ ಮುಖ್ಯಮಂತ್ರಿ ಸಿದ್ದರಾಮಯ್ಯನವರನ್ನೇ ಸೋಲಿಸಿದರು. ಹುಣಸೂರಲ್ಲಿ ವಿಶ್ವನಾಥ್ ಕಾಂಗ್ರೆಸ್‌ನ ಎಚ್.ಪಿ. ಮಂಜುನಾಥ್ ವಿರುದ್ಧ ಗೆದ್ದರು. ಪಿರಿಯಾಪಟ್ಟಣದಲ್ಲಿ, ಹಿಂದೆ ಜನತಾ ಪರಿವಾರದಿಂದ ಕಾಂಗ್ರೆಸ್‌ಗೆ ಹೋಗಿದ್ದ ಕೆ. ವೆಂಕಟೇಶ್ ಅವರನ್ನ ಜೆಡಿಎಸ್‌ನ ಕೆ. ಮಹದೇವ್ ಸೋಲಿಸಿದರು.

ಎಚ್.ಡಿ. ಕೋಟೆಯದಂತೂ ಅಪ್ಪಟ ಅದಲು-ಬದಲು. ಜೆಡಿಎಸ್ ಶಾಸಕ ಚಿಕ್ಕಮಾದು 2017ರ ನವೆಂಬರ್‌ನಲ್ಲಿ ತೀರಿಕೊಂಡರು. ಅವರ ಮಗ ಅನಿಲ್ ಅವರನ್ನ ಕಾಂಗ್ರೆಸ್ ಕರ್ಕೊಂಡಿತು. ಕಾಂಗ್ರೆಸ್‌ನ ಮಾಜಿ ಶಾಸಕ ಚಿಕ್ಕಣ್ಣ ಜೆಡಿಎಸ್ ಅಭ್ಯರ್ಥಿಯಾದರು! ಬ್ಯಾಲೆಟ್‌ನಲ್ಲಿ ಪರಿಚಯದ ಹೆಸರುಗಳೇ, ಚಿಹ್ನೆ ಮಾತ್ರ ಉಲ್ಟಾ. ಅನಿಲ್ ಗೆದ್ದರು.

ಹೀಗೆ ನಾಲ್ಕರಲ್ಲಿ ಜೆಡಿಎಸ್‌ಗೆ ಮೂರು, ಕಾಂಗ್ರೆಸ್‌ಗೆ ಒಂದು, ಬಿಜೆಪಿಗೆ ಸೊನ್ನೆ. ಅಮೆರಿಕದ ಫುಟ್‌ಬಾಲ್ ಲೀಗ್‌ನಲ್ಲಿ 1936ರಿಂದ ಒಂದು ಪದ್ಧತಿ ಇದೆ: ಕೊನೇ ಸ್ಥಾನದ ತಂಡಕ್ಕೆ ಹೊಸ ಆಟಗಾರರಲ್ಲಿ ಮೊದಲ ಆಯ್ಕೆ. ಸೋತವರೂ ಎದ್ದು ನಿಲ್ಲಲಿ ಅಂತ. ನಮ್ಮಲ್ಲಿ ಸೋತ ಪಕ್ಷಕ್ಕೆ ಅಂಥ ಭಾಗ್ಯ ಇಲ್ಲ. ಬೇರೆ ಮನೆಯಲ್ಲಿ ಮುನಿಸಿಕೊಂಡವರು ಯಾರು ಅಂತ ಕಾಯಬೇಕು. 2019ರ ಜುಲೈನಲ್ಲಿ ವಿಶ್ವನಾಥ್ ರಾಜೀನಾಮೆ ಕೊಟ್ಟರು, ಮೈತ್ರಿ ಸರ್ಕಾರ ಬಿತ್ತು. ಸ್ಪೀಕರ್ ಅನರ್ಹಗೊಳಿಸಿದರು. ಸುಪ್ರೀಂ ಕೋರ್ಟ್ ಅನರ್ಹತೆಯನ್ನ ಎತ್ತಿಹಿಡಿದರೂ ಮತ್ತೆ ಸ್ಪರ್ಧಿಸಲು ಬಿಟ್ಟಿತು.

ಈಗ ಅಂಕಿ ನೋಡಿ. 2018ರಲ್ಲಿ ವಿಶ್ವನಾಥ್‌ಗೆ ಬಿದ್ದದ್ದು 91,667 ಮತ. 2019ರಲ್ಲಿ ಬಿಜೆಪಿಯಿಂದ 52,998. ಜೆಡಿಎಸ್‌ನ ಸೋಮಶೇಖರ್‌ಗೆ 32,895. ಎರಡನ್ನೂ ಕೂಡಿಸಿದರೆ 85,893. ಗೆದ್ದ ಮಂಜುನಾಥ್ ತಮ್ಮ ಹಳೇ 83,092ಕ್ಕೆ ಸುಮಾರು ಒಂಬತ್ತೂವರೆ ಸಾವಿರ ಸೇರಿಸಿಕೊಂಡರು, ಅಷ್ಟೇ. ಆಟಗಾರ ತಂಡ ಬದಲಿಸಿದ, ಗ್ಯಾಲರಿ ಪೂರ್ತಿ ಎದ್ದು ಹಿಂದೆ ಹೋಗಲಿಲ್ಲ. ಬೇರೆ ಕಡೆ ಗೆದ್ದವರಲ್ಲಿ ಬಹಳಷ್ಟು ಜನ ತಮ್ಮದೇ ಊರಲ್ಲಿ ವರ್ಷಗಟ್ಟಲೆ ಬೇರು ಬಿಟ್ಟಿದ್ದವರು. ವಿಶ್ವನಾಥ್‌ಗೆ ಹುಣಸೂರಿನಲ್ಲಿ ವಿಧಾನಸಭೆಯ ನಂಟು ಒಂದೇ ಚುನಾವಣೆಯದು. ಆ ಮತಗಳಲ್ಲಿ ಬಹುಪಾಲು ಜೆಡಿಎಸ್‌ನದು, ಜಿ.ಟಿ.ಡಿ. ಅವರದು. ಜಿ.ಟಿ.ಡಿ. ಆ ಉಪಚುನಾವಣೆಯಲ್ಲಿ ತಟಸ್ಥರಾಗಿ ಉಳಿದರು. ಮಗನಿಗೆ ತಪ್ಪಿದ ಟಿಕೆಟ್ ಅಲ್ಲಿ ಮಾತಾಡಿತು ಅನ್ನೋದು ನನ್ನ ಅಂದಾಜು. ಆ ಟಿಕೆಟ್ ತಪ್ಪಿದ್ದಾದರೂ ಯಾಕೆ? ಕೆ.ಆರ್. ನಗರದ ಸೀಟು ಭರ್ತಿಯಾಗಿತ್ತು, ಅದಕ್ಕೆ. ಅವತ್ತು ಹುಣಸೂರಿನ ತಂಬಾಕು ಬೆಳೆಗಾರ 19 ತಿಂಗಳಲ್ಲಿ ಎರಡನೇ ಸಲ ವಿಧಾನಸಭೆಗೆ ಮತ ಹಾಕಿದ್ದ. ಅದಕ್ಕೆ ಕಾರಣವಾದ ಸರಪಳಿಯ ಮೊದಲ ಕೊಂಡಿ ಅವನ ತಾಲ್ಲೂಕಿನದೇ ಅಲ್ಲ.

2023ರಲ್ಲಿ ಜೆಡಿಎಸ್ ಹುಣಸೂರಿನ ಟಿಕೆಟನ್ನ ಹರೀಶ್‌ಗೌಡರಿಗೆ ಕೊಟ್ಟಿತು. ಗೆದ್ದದ್ದು 2,412 ಮತಗಳಿಂದ. ಅದೇ ಚುನಾವಣೆಯಲ್ಲಿ ಕೆ.ಆರ್. ನಗರದಲ್ಲಿ ಸಾ.ರಾ. ಮಹೇಶ್ ಸೋತರು.