ಶತ್ರುವಿನ ಮನೆಯ ನಾಯಿ

ಸಾಕಿದ ನಾಯಿ ಕಾಣೆಯಾದ ಮನೆಯ ಮೌನವೇ ಬೇರೆ. ಅದರ ಅನ್ನದ ತಟ್ಟೆ ಮೂಲೆಯಲ್ಲಿ ಹಾಗೆಯೇ ಉಳಿಯುತ್ತದೆ. ಮಕ್ಕಳು ಓಣಿ ಓಣಿ ಸುತ್ತಿ ಹೆಸರು ಹಿಡಿದು ಕೂಗುತ್ತಾರೆ. ಅಂಗಳದಲ್ಲಿ ಸಣ್ಣ ಸದ್ದಾದರೂ ಹಿರಿಯರು ನಡುರಾತ್ರಿಯಲ್ಲಿ ಎದ್ದು ಬಾಗಿಲು ತೆರೆಯುತ್ತಾರೆ. ನೆರೆಯವರು ಅದನ್ನು ಕಂಡು ಕರೆತಂದರೆ ಆಗುವ ಸಂತೋಷವನ್ನು ಬಣ್ಣಿಸಬೇಕಾಗಿಲ್ಲ. ಆದರೆ ಆ ನೆರೆಯವರೊಡನೆ ನಮಗೆ ಮಾತೇ ನಿಂತುಹೋಗಿದ್ದರೆ? ಬೇಲಿಯ ಕಾರಣಕ್ಕೋ ಬಾವಿಯ ನೀರಿಗೋ ಜಗಳವಾಗಿ ವರ್ಷಗಳೇ ಸಂದಿದ್ದರೆ? ಆಗಲೂ ಆ ನಾಯಿ ನಮ್ಮ ಮನೆಗೆ ಹಿಂದಿರುಗೀತೇ?

ಈ ಪ್ರಶ್ನೆ ಒಮ್ಮೆ ರಣರಂಗದ ನಡುವೆಯೇ ಎದ್ದಿತು. ಅದು 1777ರ ಮಾತು. ಅಮೆರಿಕದ ವಸಾಹತುಗಳು ಬ್ರಿಟಿಷ್ ಆಳ್ವಿಕೆಯಿಂದ ತಾವು ಸ್ವತಂತ್ರವೆಂದು ಸಾರಿ ವರ್ಷವೊಂದು ಕಳೆದಿತ್ತು. ಜನರಲ್ ವಿಲಿಯಂ ಹೋವ್ ನೇತೃತ್ವದ ಬ್ರಿಟಿಷ್ ಸೇನೆ ಸೆಪ್ಟೆಂಬರ್ 11ರಂದು ಬ್ರಾಂಡಿವೈನ್ ಕದನದಲ್ಲಿ ಜಾರ್ಜ್ ವಾಷಿಂಗ್ಟನ್ನರನ್ನು ಸೋಲಿಸಿ, ಸೆಪ್ಟೆಂಬರ್ 26ರಂದು ಫಿಲಡೆಲ್ಫಿಯಾ ನಗರವನ್ನು ವಶಪಡಿಸಿಕೊಂಡಿತು. ಹೋವ್ ತನ್ನ ಸೇನೆಯ ದೊಡ್ಡ ಭಾಗವನ್ನು ನಗರದ ಸಮೀಪದ ಜರ್ಮನ್‌ಟೌನ್‌ನಲ್ಲಿ ಬೀಡುಬಿಡಿಸಿದ್ದನು.

ಅಕ್ಟೋಬರ್ 4ರ ಮುಂಜಾವಿನಲ್ಲಿ ವಾಷಿಂಗ್ಟನ್ ಸುಮಾರು 11,000 ಮಂದಿಯೊಡನೆ ಆ ಬೀಡಿನ ಮೇಲೆ ಎರಗಿದರು. ಆರಂಭದಲ್ಲಿ ಜಯ ಅವರದೇ ಎನಿಸಿತ್ತು. ಆದರೆ ದಟ್ಟವಾದ ಮಂಜು ಕವಿದು, ತಮ್ಮವರಾರು, ಪರರಾರು ಎಂಬುದೇ ತಿಳಿಯದಾಯಿತು. ಅಮೆರಿಕದ ಒಂದು ತುಕಡಿ ಮತ್ತೊಂದರ ಮೇಲೆ ಗುಂಡು ಹಾರಿಸಿತು. ಸುಮಾರು 120 ಬ್ರಿಟಿಷ್ ಸೈನಿಕರು ಕಲ್ಲಿನ ಮನೆಯೊಂದನ್ನು ಹೊಕ್ಕು ಹೋರಾಡಿ ಎದುರಾಳಿಗಳ ಮುನ್ನಡೆಗೆ ತಡೆಯೊಡ್ಡಿದರು. ಫಿಲಡೆಲ್ಫಿಯಾದಿಂದ ಅವರ ನೆರವಿಗೆ ಪಡೆ ತಂದವನು ಕಾರ್ನ್‌ವಾಲಿಸ್. 1792ರಲ್ಲಿ ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ಇಬ್ಬರು ಮಕ್ಕಳನ್ನು ಒತ್ತೆಯಾಳುಗಳನ್ನಾಗಿ ಪಡೆದವನೂ ಅವನೇ. ವಾಷಿಂಗ್ಟನ್ ಹಿಮ್ಮೆಟ್ಟಬೇಕಾಯಿತು. ಅವರ ಕಡೆ 150ಕ್ಕೂ ಹೆಚ್ಚು ಮಂದಿ ಮಡಿದರು, 500ಕ್ಕೂ ಹೆಚ್ಚು ಮಂದಿ ಗಾಯಗೊಂಡರು, ಸುಮಾರು 400 ಮಂದಿ ಸೆರೆಸಿಕ್ಕರು.

ಸೋತು ದಣಿದ ಈ ಸೇನೆಯ ಕೈಗೆ ಒಂದು ನಾಯಿ ಸಿಕ್ಕಿತು. ಅದರ ಕೊರಳಪಟ್ಟಿಯ ಮೇಲಿದ್ದ ಹೆಸರು ಜನರಲ್ ಹೋವ್‌ನದು.

ಅಕ್ಟೋಬರ್ 6ರಂದು ವಾಷಿಂಗ್ಟನ್ ಆ ನಾಯಿಯನ್ನು ಶತ್ರುವಿನ ಬಳಿಗೆ ಕಳುಹಿಸಿಕೊಟ್ಟರು. ಜೊತೆಗೊಂದು ಚಿಕ್ಕ ಚೀಟಿಯಿತ್ತು. ಹೋವ್‌ಗೆ ವಂದನೆ ಸಲ್ಲಿಸಿ, ಅಕಸ್ಮಾತ್ತಾಗಿ ಸಿಕ್ಕ ನಾಯಿಯು ಕೊರಳಪಟ್ಟಿಯ ಬರಹದಿಂದ ಅವನದೆಂದು ತೋರುವುದರಿಂದ ಸಂತೋಷದಿಂದ ಹಿಂದಿರುಗಿಸುತ್ತಿರುವುದಾಗಿ ಅದರಲ್ಲಿ ತಿಳಿಸಲಾಗಿತ್ತು. ಕರಡನ್ನು ಬರೆದವನು ವಾಷಿಂಗ್ಟನ್ನರ ತರುಣ ಸಹಾಯಕ ಅಲೆಕ್ಸಾಂಡರ್ ಹ್ಯಾಮಿಲ್ಟನ್. ವಾಷಿಂಗ್ಟನ್ ತಾವೇ ನಾಯಿಯ ಮೈ ತೊಳೆದರು, ಉಣಬಡಿಸಿದರು ಎಂಬ ಕಥೆಗಳೂ ಪ್ರಚಾರದಲ್ಲಿವೆ. ಚೀಟಿಯಲ್ಲಿ ಅಂಥದೇನೂ ಇಲ್ಲ. ಅದರ ಸೊಬಗಿಗೆ ಅವುಗಳ ಅಗತ್ಯವೂ ಇಲ್ಲ.

ಗಮನಿಸಬೇಕಾದ ಸಂಗತಿ ಇನ್ನೊಂದಿದೆ. ಅದೇ ದಿನ ವಾಷಿಂಗ್ಟನ್ ಹೋವ್‌ಗೆ ಬೇರೊಂದು ಪತ್ರವನ್ನೂ ಬರೆದರು. ಅಮೆರಿಕದ ಸೈನಿಕರು ಹಿಟ್ಟಿನ ಗಿರಣಿಗಳನ್ನು ಹಾಳುಗೆಡವಿದರೆಂದು ಹೋವ್ ದೂರಿದ್ದನು. ಅದಕ್ಕೆ ಉತ್ತರವಾಗಿ ವಾಷಿಂಗ್ಟನ್, ಬ್ರಿಟಿಷ್ ಸೇನೆಯೇ ಸುಟ್ಟ ಚಾರ್ಲ್ಸ್‌ಟೌನ್ ಪಟ್ಟಣವನ್ನು ನೆನಪಿಸಿ ಖಾರವಾಗಿಯೇ ಬರೆದರು. ಒಂದೇ ದಿನ, ಒಬ್ಬನೇ ಶತ್ರುವಿಗೆ, ಎರಡು ಕಾಗದ! ಒಂದರಲ್ಲಿ ಕೋಪ, ಇನ್ನೊಂದರಲ್ಲಿ ಸೌಜನ್ಯ. ಜಗಳ ಜಗಳವಾಗಿಯೇ ಉಳಿಯಿತು. ಆದರೆ ಆ ಜಗಳದಲ್ಲಿ ನಾಯಿಗೆ ಪಾಲಿರಲಿಲ್ಲ.

ಈ ವಿವೇಕ ಬಹು ಪ್ರಾಚೀನವಾದುದು. ವಿಮೋಚನಕಾಂಡದ 23ನೆಯ ಅಧ್ಯಾಯದಲ್ಲಿ, ಶತ್ರುವಿನ ಎತ್ತಾಗಲಿ ಕತ್ತೆಯಾಗಲಿ ದಾರಿತಪ್ಪಿ ಅಲೆಯುವುದು ಕಣ್ಣಿಗೆ ಬಿದ್ದರೆ ಅದನ್ನು ಅವನಿಗೆ ತಲುಪಿಸಬೇಕೆಂಬ ವಿಧಿಯಿದೆ. ಮೊದಲು ರಾಜಿಯಾಗಲಿ, ಆಮೇಲೆ ನೋಡೋಣ ಎಂದು ಆ ವಿಧಿ ಹೇಳುವುದಿಲ್ಲ. ಮನಸ್ಸು ತಿಳಿಯಾಗುವವರೆಗೆ ಕಾಯುವಷ್ಟು ಹೊತ್ತು ದಾರಿತಪ್ಪಿದ ಪ್ರಾಣಿಗೆ ಇರುವುದಿಲ್ಲವಷ್ಟೆ.

ಆದರೆ ಹಿರಿಯರ ಕಥೆಯನ್ನು ಮಕ್ಕಳಿಗೆ ಹೇಳುವಾಗ ಅರ್ಧವನ್ನೇ ಹೇಳಬಾರದು. 1796ರ ಮೇ ತಿಂಗಳಲ್ಲಿ, ವಾಷಿಂಗ್ಟನ್ ಅಧ್ಯಕ್ಷರಾಗಿದ್ದಾಗ, ಅದೇ ಫಿಲಡೆಲ್ಫಿಯಾದ ಅವರ ಮನೆಯಿಂದ ಓನಾ ಜಡ್ಜ್ ಎಂಬ ತರುಣಿ ತಪ್ಪಿಸಿಕೊಂಡಳು. ಅವಳು ಆ ಮನೆಯ ದಾಸಿ. ಹಿಡಿದುಕೊಟ್ಟವರಿಗೆ 10 ಡಾಲರ್ ಬಹುಮಾನವೆಂದು ಪತ್ರಿಕೆಯಲ್ಲಿ ಪ್ರಕಟಣೆ ಬಂತು. ಅವಳು ನ್ಯೂ ಹ್ಯಾಂಪ್‌ಶೈರ್‌ನಲ್ಲಿರುವುದು ತಿಳಿದಾಗ ಮರಳಿ ಕರೆತರುವ ಪ್ರಯತ್ನಗಳೂ ನಡೆದವು. ಅವಳು ಹಿಂದಿರುಗಲಿಲ್ಲ. ಕಾನೂನಿನ ದೃಷ್ಟಿಯಲ್ಲಿ ದಾಸಿಯಾಗಿಯೇ ಉಳಿದರೂ, ಬಡತನದಲ್ಲಿ ಆದರೆ ತನ್ನಿಚ್ಛೆಯಂತೆ ಬಾಳಿ, 1848ರಲ್ಲಿ ತೀರಿಕೊಂಡಳು. ಅವಳು ದಾರಿತಪ್ಪಿದವಳಲ್ಲ, ದಾರಿ ಕಂಡುಕೊಂಡವಳು. ನಾಯಿಯ ಕೊರಳಪಟ್ಟಿಯನ್ನು ಸರಿಯಾಗಿ ಓದಿದ ಕಣ್ಣಿಗೆ, ಮನುಷ್ಯರ ಕೊರಳಿಗೆ ಯಾರ ಹೆಸರೂ ಸಲ್ಲದೆಂಬುದು ಕಾಣಲಿಲ್ಲ. ಒಂದೆಡೆ ತೋರಿದ ಔದಾರ್ಯ ಇನ್ನೊಂದೆಡೆಯ ಅನ್ಯಾಯವನ್ನು ಅಳಿಸುವುದಿಲ್ಲ. ಆ ಅನ್ಯಾಯವೂ ಅಂದಿನ ಔದಾರ್ಯವನ್ನು ಸುಳ್ಳಾಗಿಸುವುದಿಲ್ಲ.

ನಾಯಿ ಹಿಂದಿರುಗಿದುದರಿಂದ ಯುದ್ಧವೇನೂ ನಿಲ್ಲಲಿಲ್ಲ. ಹೋವ್ 1778ರಲ್ಲಿ ಸ್ವದೇಶಕ್ಕೆ ತೆರಳಿದನು. ಶಾಂತಿ ಒಪ್ಪಂದಕ್ಕೆ ಸಹಿ ಬೀಳಲು 1783 ಬರಬೇಕಾಯಿತು. ಆದರೂ ಸೋಲಿನ ಎರಡೇ ದಿನಗಳ ಬಳಿಕ, ಸತ್ತವರ ನೋವು ಹಸಿಯಾಗಿರುವಾಗಲೇ, ಒಬ್ಬ ಸೇನಾಪತಿ ಶತ್ರುವಿನಲ್ಲಿ ನಾಯಿ ಕಳೆದುಕೊಂಡ ಒಬ್ಬ ಮನುಷ್ಯನನ್ನು ಕಂಡರು.

ನಮ್ಮ ಜಗಳಗಳು ಅಷ್ಟು ದೊಡ್ಡವಲ್ಲ. ನಾಳೆ ಮುಂಜಾನೆ ಬೇಲಿಯಾಚೆಯ ಮನೆಯ ನಾಯಿಯೋ ಕರುವೋ ನಮ್ಮ ಅಂಗಳಕ್ಕೆ ಬಂದರೆ, ಅದನ್ನು ಕರೆದೊಯ್ದು ಆ ಮನೆಯ ಕದ ತಟ್ಟೋಣ. ಬಹುದಿನಗಳಿಂದ ನಿಂತುಹೋದ ಮಾತು ಅಲ್ಲಿಂದಲೇ ಮತ್ತೆ ಆರಂಭವಾಗಬಹುದು. ಆಗದಿದ್ದರೂ ಚಿಂತೆಯಿಲ್ಲ, ಆ ನಾಯಿಯಾದರೂ ಮನೆ ಸೇರಿರುತ್ತದೆ.