ಮಾದರಿ ವಿಮಾನಕ್ಕೊಂದು ಟ್ಯಾಕ್ಸಿವೇ: ಗೆರೆ, ದೀಪ, ಅಳತೆ

ಹುಬ್ಬಳ್ಳಿಯ ವಿದ್ಯಾನಗರದಿಂದ ಗೋಕುಲ ರಸ್ತೆಯ ವಿಮಾನ ನಿಲ್ದಾಣ ಕೆಲವೇ ಕಿಲೋಮೀಟರ್ ದೂರ. 1947ರಲ್ಲಿ ಆರಂಭವಾದ ಬಿ.ವಿ. ಭೂಮರಡ್ಡಿ ಎಂಜಿನಿಯರಿಂಗ್ ಕಾಲೇಜು, ಅಂದರೆ ಇಂದಿನ ಕೆಎಲ್‌ಇ ತಾಂತ್ರಿಕ ವಿಶ್ವವಿದ್ಯಾಲಯ, ಇರುವ ಬಡಾವಣೆ ಇದು. ಎಲ್‌ಇಡಿ, ರೆಸಿಸ್ಟರ್‌ಗಳಲ್ಲಿ ಪಳಗಿದ ಕೈಗಳಿಗೆ ಇಲ್ಲಿ ಬರವಿಲ್ಲ. ಮಾದರಿ ವಿಮಾನವನ್ನು ಬರೀ ಹಲಗೆಯ ಬದಲು ಟ್ಯಾಕ್ಸಿವೇ ಮೇಲೆ ನಿಲ್ಲಿಸಬೇಕೆನ್ನುವವರಿಗೆ ಹತ್ತಿರದ ಮಾದರಿ ಈ ನಿಲ್ದಾಣವೇ.

ಯಾವ ತುಣುಕನ್ನು ಆರಿಸಬೇಕು?

ಹುಬ್ಬಳ್ಳಿಯ ರನ್‌ವೇ ಉದ್ದ 2,600 ಮೀಟರ್. 1:144 ಅಳತೆಯಲ್ಲಿ ಅದು 18 ಮೀಟರ್ ಆಗುತ್ತದೆ, 1:400ರಲ್ಲೂ ಆರೂವರೆ ಮೀಟರ್. ಮನೆಯಲ್ಲಿ ಇಡುವ ಮಾತಲ್ಲ. ವಿಮಾನ ಅನುಮತಿಗಾಗಿ ಕಾಯುವ ಹೋಲ್ಡಿಂಗ್ ಪೊಸಿಷನ್ ಒಂದನ್ನೇ ಮಾಡುವುದು ಜಾಣತನ. ಅಲ್ಲಿ ಗೆರೆ, ಫಲಕ, ದೀಪ ಮೂರೂ ಒಟ್ಟಿಗೆ ಸಿಗುತ್ತವೆ. ದೊಡ್ಡ ನಿಲ್ದಾಣಗಳಲ್ಲಿ ಈ ಜಾಗ ರನ್‌ವೇಯ ನಡುಗೆರೆಯಿಂದ ಸಾಮಾನ್ಯವಾಗಿ 75ರಿಂದ 90 ಮೀಟರ್ ದೂರವಿರುತ್ತದೆ. 1:144ರಲ್ಲಿ ಅರ್ಧ ಮೀಟರಿಗಿಂತ ಹೆಚ್ಚು. ಆದ್ದರಿಂದ ಪೀಠದಲ್ಲಿ ರನ್‌ವೇ ತೋರಿಸದಿದ್ದರೂ ತಪ್ಪಿಲ್ಲ. ಜಾಗ ಉಳಿಸಲು ಎರಡನ್ನೂ ಅಂಟಿಸಿಬಿಟ್ಟರೆ ದೃಶ್ಯ ಸುಳ್ಳಾಗುತ್ತದೆ.

ಹಳದಿ ಗೆರೆಗಳು

ರನ್‌ವೇ ಗುರುತುಗಳು ಬಿಳಿ, ಟ್ಯಾಕ್ಸಿವೇ ಗುರುತುಗಳು ಹಳದಿ. ಟ್ಯಾಕ್ಸಿವೇ ನಡುಗೆರೆಯ ಅಗಲ ಕನಿಷ್ಠ 15 ಸೆಂ.ಮೀ., ಅಂದರೆ 1:144ರಲ್ಲಿ 1 ಮಿ.ಮೀ. ಏರ್‌ಬಸ್ ಎ320ಗೆ ಬೇಕಾದ 15 ಮೀಟರ್ ಅಗಲದ ಟ್ಯಾಕ್ಸಿವೇ 10.4 ಸೆಂ.ಮೀ. ಆಗುತ್ತದೆ.

ಹೋಲ್ಡಿಂಗ್ ಗುರುತಿನಲ್ಲಿ ನಾಲ್ಕು ಗೆರೆ: ಎರಡು ಅಖಂಡ, ಎರಡು ತುಂಡು. ಅಖಂಡ ಗೆರೆಗಳು ಟ್ಯಾಕ್ಸಿವೇ ಕಡೆಗೆ, ತುಂಡು ಗೆರೆಗಳು ರನ್‌ವೇ ಕಡೆಗೆ ಇರಬೇಕು. ಇದು ತಿರುಗಿದರೆ ಇಡೀ ಪೀಠದ ಅರ್ಥವೇ ಕೆಡುತ್ತದೆ. ತಿಳಿದವರ ಕಣ್ಣು ಮೊದಲು ಹೋಗುವುದೂ ಅಲ್ಲಿಗೇ. ತೆಳು ಮಾಸ್ಕಿಂಗ್ ಟೇಪ್ ಹಚ್ಚಿ ಬಣ್ಣ ಸಿಂಪಡಿಸಿದರೆ ಅಂಚು ನೇರ ಬರುತ್ತದೆ. ಪಕ್ಕದ ಫಲಕದಲ್ಲಿ ಕೆಂಪು ನೆಲದ ಮೇಲೆ ಬಿಳಿ ಅಂಕಿ: ಹುಬ್ಬಳ್ಳಿಯದಾದರೆ 08-26. ಟ್ಯಾಕ್ಸಿವೇ ಹೆಸರಿನ ಫಲಕಕ್ಕೆ ಕಪ್ಪು ನೆಲ, ಹಳದಿ ಅಕ್ಷರ.

ದೀಪಗಳು

ಅಂಚಿನ ದೀಪ ನೀಲಿ, ನಡುಗೆರೆಯ ದೀಪ ಹಸಿರು, ನಿಲ್ಲಿಸುವ ಸಾಲು ಕೆಂಪು. ಹೋಲ್ಡಿಂಗ್ ಜಾಗದ ಇಕ್ಕೆಲದ ಎಚ್ಚರಿಕೆ ದೀಪಗಳು ಹಳದಿ. ಪ್ರತಿ ಘಟಕದ ಎರಡು ದೀಪಗಳು ಒಂದಾದ ಮೇಲೊಂದು ಮಿನುಗುತ್ತವೆ. ಇವೆಲ್ಲವನ್ನೂ ಒಂದೇ ಪೀಠದಲ್ಲಿ ತುಂಬುವ ಆಸೆ ಬೇಡ. ಹಸಿರು, ಕೆಂಪು ಸಾಲುಗಳು ಮುಖ್ಯವಾಗಿ ಮಂಜಿನಲ್ಲೂ ಕೆಲಸ ಮಾಡುವ ನಿಲ್ದಾಣಗಳಿಗೆ ಸೇರಿದವು. ಬೆಂಗಳೂರಿನ ಕೆಂಪೇಗೌಡ ನಿಲ್ದಾಣದ ದಕ್ಷಿಣ ರನ್‌ವೇ ಅಂಥದ್ದು. ಸಣ್ಣ ನಿಲ್ದಾಣದ ದೃಶ್ಯಕ್ಕೆ ನೀಲಿಯೇ ಸಾಕು.

ನೀಲಿಯಲ್ಲೂ ಕೈ ಬಿಗಿ ಹಿಡಿಯಬೇಕು. ನೇರ ದಾರಿಯಲ್ಲಿ ದೀಪಗಳ ನಡುವೆ 60 ಮೀಟರ್‌ವರೆಗೆ ಅಂತರ ಇರಬಹುದು, ಅಂದರೆ 1:144ರಲ್ಲಿ ಸುಮಾರು 42 ಸೆಂ.ಮೀ. ತಿರುವಿನಲ್ಲಿ ಮಾತ್ರ ಒತ್ತಾಗುತ್ತವೆ. ದೀಪದ ಎತ್ತರ ಸುಮಾರು 35 ಸೆಂ.ಮೀ., ಮಾದರಿಯಲ್ಲಿ ಎರಡೂವರೆ ಮಿ.ಮೀ. 1 ಮಿ.ಮೀ. ಫೈಬರ್ ಆಪ್ಟಿಕ್ ಎಳೆಯನ್ನು ಅಷ್ಟೇ ಹೊರಗೆ ಬಿಟ್ಟು, ತುದಿಯನ್ನು ಬಿಸಿಯ ಹತ್ತಿರ ಹಿಡಿದರೆ ಅದು ಉಬ್ಬಿ ಗುಬುಟಾಗುತ್ತದೆ. ಮೇಲೆ ಪಾರದರ್ಶಕ ನೀಲಿ ಬಣ್ಣ ಕೊಡಿ.

ಪೀಠದ ಅಡಿ ಒಂದೇ ಎಲ್‌ಇಡಿ ಹಲವು ಎಳೆಗಳಿಗೆ ಬೆಳಕು ಕೊಡುತ್ತದೆ. 5 ವೋಲ್ಟ್ ಮೊಬೈಲ್ ಚಾರ್ಜರ್‌ಗೆ 3.2 ವೋಲ್ಟಿನ ನೀಲಿ ಎಲ್‌ಇಡಿ ಜೋಡಿಸುವಾಗ 180 ಓಮ್ ರೆಸಿಸ್ಟರ್ ಹಾಕಿದರೆ 10 ಮಿಲಿ ಆಂಪಿಯರ್ ಹರಿಯುತ್ತದೆ. 470 ಓಮ್ ಹಾಕಿದರೆ 4ಕ್ಕಿಂತ ಕಡಿಮೆ; ಮಬ್ಬು ಬೆಳಕೇ ಹೆಚ್ಚು ನಿಜವೆನಿಸುತ್ತದೆ.

ನೆಲ

ಡಾಂಬರು ಕಪ್ಪಲ್ಲ, ಬಿಸಿಲಿಗೆ ಬೂದು ಬಣ್ಣಕ್ಕೆ ತಿರುಗಿರುತ್ತದೆ. ನಯವಾದ ಸ್ಯಾಂಡ್‌ಪೇಪರ್ ಮೇಲೆ ಎರಡು ಮೂರು ಬಗೆಯ ಬೂದು ಬಣ್ಣ ಸಿಂಪಡಿಸಬಹುದು. ಅಂಚಿನ ಹುಲ್ಲು ಋತುವಿಗೆ ತಕ್ಕಂತಿರಲಿ: ಜುಲೈಗೆ ಹಸಿರು, ಮಾರ್ಚ್‌ಗೆ ಒಣಗಿದ ಹಳದಿ.

ಎಳೆಗಳಿಗೆ ರಂಧ್ರ ಕೊರೆಯುವುದು, ಗೆರೆ ಬಳಿಯುವುದು ಮೊದಲು ಮುಗಿಯಲಿ. ಎಳೆಗಳನ್ನು ಕೂರಿಸುವುದು ಕೊನೆಗೆ. ಚಾಚಿಕೊಂಡ ಎಳೆಗಳ ನಡುವೆ ಟೇಪ್ ಎಳೆದರೆ ಅವು ಮುರಿಯುತ್ತವೆ.