ಮೈ, ಮನಸ್ಸು, ಬೀದಿ: ಆರೋಗ್ಯದ ಅಭ್ಯಾಸಗಳು ಬದಲಾದ ಬಗೆ

ಎರಡನೇ ಮಹಾಯುದ್ಧ ಮುಗಿದ ಹೊಸತರಲ್ಲಿ ಲಂಡನ್ನಿನ ಜೆರ್ರಿ ಮಾರಿಸ್ ಎಂಬ ವೈದ್ಯರನ್ನು ಒಂದು ಪ್ರಶ್ನೆ ಕಾಡುತ್ತಿತ್ತು. ಹೃದಯಾಘಾತದಿಂದ ಸಾಯುವ ಮಧ್ಯವಯಸ್ಸಿನ ಗಂಡಸರ ಸಂಖ್ಯೆ ಏರುತ್ತಲೇ ಇತ್ತು. ಅದಕ್ಕೂ ಅವರು ಮಾಡುವ ಕೆಲಸಕ್ಕೂ ನಂಟಿದೆಯೇ? ಮಾರಿಸ್ ಮತ್ತು ಅವರ ಜೊತೆಗಾರರು ನಗರ ಸಾರಿಗೆಯ ಸುಮಾರು 31,000 ನೌಕರರ ಕಾಯಿಲೆಯ ದಾಖಲೆಗಳನ್ನು ಕೆದಕಿದರು. ಡಬಲ್ ಡೆಕ್ಕರ್ ಬಸ್ಸಿನ ಡ್ರೈವರ್ ಪಾಳಿಯ ಬಹುಪಾಲು ಕೂತೇ ಇರುತ್ತಿದ್ದ. ಅದೇ ಬಸ್ಸಿನ ಕಂಡಕ್ಟರ್ ಟಿಕೆಟ್ ಹರಿಯುತ್ತ ದಿನಕ್ಕೆ 500ರಿಂದ 750 ಮೆಟ್ಟಿಲು ಹತ್ತುತ್ತಿದ್ದ. ಇಬ್ಬರದೂ ಒಂದೇ ನಗರ, ಹೆಚ್ಚುಕಡಿಮೆ ಒಂದೇ ವರ್ಗ. ಆದರೂ ಕಂಡಕ್ಟರುಗಳಲ್ಲಿ ಹೃದ್ರೋಗ ಗಮನಾರ್ಹವಾಗಿ ಕಡಿಮೆ ಇತ್ತು, ಬಂದರೂ ತಡವಾಗಿ ಬರುತ್ತಿತ್ತು. ಈ ಫಲಿತಾಂಶ 1953ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾಯಿತು.

ಮಾರಿಸ್ ಅಲ್ಲಿಗೇ ನಿಲ್ಲಲಿಲ್ಲ. ಡ್ರೈವರುಗಳು ಮೊದಲಿನಿಂದಲೇ ಸ್ಥೂಲಕಾಯದವರಾಗಿದ್ದರೆ? ಆ ಅನುಮಾನ ತೀರಿಸಿಕೊಳ್ಳಲು ಅವರು ನೌಕರರ ಸಮವಸ್ತ್ರದ ಅಳತೆಗಳನ್ನು ತರಿಸಿ ನೋಡಿದರು. ಡ್ರೈವರುಗಳ ಸೊಂಟದ ಸುತ್ತಳತೆ ನಿಜಕ್ಕೂ ದೊಡ್ಡದಿತ್ತು, ಅದನ್ನೂ ಅವರು ಮುಚ್ಚಿಡದೆ ಪ್ರಕಟಿಸಿದರು. ಮೊದಲ ತೀರ್ಮಾನ ಸ್ವಲ್ಪ ಸಡಿಲವಾಯಿತು, ಸಂಶೋಧನೆ ಮಾತ್ರ ಗಟ್ಟಿಯಾಯಿತು. ಅಂಚೆ ಇಲಾಖೆಯಲ್ಲಿ ನಡೆದು ಪತ್ರ ಹಂಚುವವರನ್ನೂ ಕೂತು ಕೆಲಸ ಮಾಡುವ ಗುಮಾಸ್ತರನ್ನೂ ಹೋಲಿಸಿದಾಗಲೂ ಅದೇ ಚಿತ್ರ ಕಂಡಿತು. ವ್ಯಾಯಾಮ ಒಳ್ಳೆಯದು ಎಂದು ಹಿರಿಯರು ಬಹಳ ಹಿಂದಿನಿಂದ ಹೇಳುತ್ತ ಬಂದದ್ದಕ್ಕೆ ಅಂಕಿಅಂಶದ ಆಧಾರ ಸಿಕ್ಕಿದ್ದು ಹೀಗೆ.

ಆರೋಗ್ಯವೆಂದರೆ ಕಾಯಿಲೆ ಇಲ್ಲದಿರುವುದಷ್ಟೇ ಅಲ್ಲ ಎಂಬ ತಿಳಿವಳಿಕೆ ನಮ್ಮಲ್ಲಿ ಹಳೆಯದು. ಸುಶ್ರುತ ಸಂಹಿತೆ ಸ್ವಸ್ಥ ಮನುಷ್ಯನನ್ನು ವಿವರಿಸುವಾಗ ದೋಷ, ಅಗ್ನಿ, ಧಾತುಗಳ ಸಮತೋಲದ ಜೊತೆಗೆ ಇಂದ್ರಿಯ, ಮನಸ್ಸುಗಳ ಪ್ರಸನ್ನತೆಯನ್ನೂ ಸೇರಿಸುತ್ತದೆ. ವಾಗ್ಭಟನ ಅಷ್ಟಾಂಗಹೃದಯದಲ್ಲಿ ದಿನಚರಿಗೆಂದೇ ಒಂದು ಅಧ್ಯಾಯವಿದೆ. ಆಧುನಿಕ ವೈದ್ಯಲೋಕ ಇಂಥ ಮಾತನ್ನು ಅಧಿಕೃತವಾಗಿ ಆಡಿದ್ದು 1948ರ ಏಪ್ರಿಲ್ 7ರಂದು ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ಸಂವಿಧಾನದಲ್ಲಿ. ದೈಹಿಕ, ಮಾನಸಿಕ, ಸಾಮಾಜಿಕ ಕ್ಷೇಮ ಮೂರೂ ಕೂಡಿದಾಗ ಮಾತ್ರ ಆರೋಗ್ಯ ಎಂದಿತು ಅದು. ಆದರೆ ಆ ಹೊತ್ತಿನ ಆಸ್ಪತ್ರೆಗಳು ಪೆನ್ಸಿಲಿನ್‌ನ ಗೆಲುವಿನಲ್ಲಿದ್ದವು. ರೋಗಾಣು ಕೊಲ್ಲುವ ಔಷಧ ಕೈಗೆ ಬಂದಾಗ ರೋಗಿಯ ದಿನಚರಿಯನ್ನು ವಿಚಾರಿಸುವ ವ್ಯವಧಾನ ಎಷ್ಟು ಮಂದಿಗೆ?

ಆ ಕಡೆ ಮೊದಲು ಗಮನ ಸೆಳೆದವರಲ್ಲಿ ಹಾಲ್ಬರ್ಟ್ ಡನ್ ಒಬ್ಬರು. ಅಮೆರಿಕದ ಜನನ ಮರಣ ಅಂಕಿಅಂಶಗಳ ರಾಷ್ಟ್ರೀಯ ಕಚೇರಿಯ ಮುಖ್ಯಸ್ಥರಾಗಿ ಸಾವುಗಳನ್ನು ಎಣಿಸುತ್ತ ವೃತ್ತಿಜೀವನ ಕಳೆದ ಅವರು ಕೊನೆಗೆ ಬದುಕಿನ ಗುಣಮಟ್ಟದ ಬಗ್ಗೆ ಉಪನ್ಯಾಸ ಕೊಡತೊಡಗಿದರು. 1961ರಲ್ಲಿ ಆ ಉಪನ್ಯಾಸಗಳು ಪುಸ್ತಕವಾಗಿ ಬಂದವು. ಅದನ್ನು ಆಗ ಓದಿದವರು ಹೆಚ್ಚಿಲ್ಲ. ಓದಿದವರಲ್ಲಿ ಒಬ್ಬರಾದ ಜಾನ್ ಟ್ರ್ಯಾವಿಸ್ ಎಂಬ ಯುವವೈದ್ಯರು 1975ರಲ್ಲಿ ಕ್ಯಾಲಿಫೋರ್ನಿಯಾದ ಮಿಲ್ ವ್ಯಾಲಿಯಲ್ಲಿ ಒಂದು ವೆಲ್‌ನೆಸ್ ಕೇಂದ್ರ ತೆರೆದರು. ಮರುವರ್ಷ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಸ್ಟೀವನ್ಸ್ ಪಾಯಿಂಟ್ ಆವರಣದ ವೈದ್ಯ ಬಿಲ್ ಹೆಟ್ಲರ್ ಕ್ಷೇಮಕ್ಕೆ ಆರು ಆಯಾಮಗಳನ್ನು ಗುರುತಿಸಿದರು: ದೇಹ, ಭಾವನೆ, ಬುದ್ಧಿ, ಸಮಾಜ, ಉದ್ಯೋಗ, ಅಧ್ಯಾತ್ಮ. ಮುಂದೆ ಬೇರೆಯವರು ಹಣಕಾಸು ಮತ್ತು ಪರಿಸರವನ್ನೂ ಸೇರಿಸಿ ಎಂಟು ಮಾಡಿದರು. ಇಂದು ಕಾಲೇಜುಗಳಲ್ಲಿ, ಕಂಪನಿಗಳ ಗೋಡೆಗಳ ಮೇಲೆ ಕಾಣುವ, ಕ್ಷೇಮದ ಆಯಾಮಗಳನ್ನು ತೋರಿಸುವ ಬಣ್ಣದ ಚಕ್ರಗಳಿಗೆಲ್ಲ ಮೂಲ ಈ ಆರು.

ಚಕ್ರ ಬರೆಯುವುದು ಸುಲಭ. ಆಯಾಮಗಳು ನಿಜವಾಗಿ ಆಯುಸ್ಸನ್ನು ಮುಟ್ಟುತ್ತವೆಯೇ ಎಂದು ತೋರಿಸುವುದು ಕಷ್ಟದ ಕೆಲಸ. ಅದನ್ನು ಮಾಡಿದ್ದು ಕ್ಯಾಲಿಫೋರ್ನಿಯಾದ್ದೇ ಅಲಮೀಡಾ ಕೌಂಟಿಯ ಅಧ್ಯಯನ. 1965ರಲ್ಲಿ ಅಲ್ಲಿನ ಸುಮಾರು 7,000 ವಯಸ್ಕರಿಗೆ ಲೆಸ್ಟರ್ ಬ್ರೆಸ್ಲೋ ಅವರ ತಂಡ ಸರಳ ಪ್ರಶ್ನೆಗಳನ್ನು ಕೇಳಿತು. ಏಳೆಂಟು ಗಂಟೆ ನಿದ್ದೆ ಮಾಡುತ್ತೀರಾ? ಬೆಳಗಿನ ತಿಂಡಿ ತಪ್ಪಿಸುವುದಿಲ್ಲವಷ್ಟೇ? ಊಟದ ನಡುವೆ ಕುರುಕಲು ತಿನ್ನುತ್ತೀರಾ? ತೂಕ ಹಿಡಿತದಲ್ಲಿದೆಯೇ? ಮೈ ದಣಿಯುವಂತೆ ಓಡಾಟವಿದೆಯೇ? ಸಿಗರೇಟು? ಮದ್ಯ? ವರ್ಷಗಳ ನಂತರ ಲೆಕ್ಕ ಹಾಕಿದಾಗ, ಈ ಏಳರಲ್ಲಿ ಆರೋ ಏಳೋ ಒಳ್ಳೆಯ ಅಭ್ಯಾಸವಿದ್ದ 45ರ ಗಂಡಸರ ನಿರೀಕ್ಷಿತ ಆಯುಸ್ಸು ಮೂರಕ್ಕಿಂತ ಹೆಚ್ಚಿಲ್ಲದವರದಕ್ಕಿಂತ 11 ವರ್ಷ ಹೆಚ್ಚಿತ್ತು. 1973ರಲ್ಲಿ ಈ ವಿವರ ಹೊರಬಂತು.

ಅದೇ ಜನರ ಮಾಹಿತಿಯನ್ನು ಲಿಸಾ ಬರ್ಕ್‌ಮನ್ ಮತ್ತು ಲಿಯೊನಾರ್ಡ್ ಸೈಮ್ ಇನ್ನೊಂದು ಕೋನದಿಂದ ನೋಡಿ 1979ರಲ್ಲಿ ಬರೆದದ್ದು ಇನ್ನೂ ಆಳವಾದ ಮಾತು. ಸಂಗಾತಿ, ನೆಂಟರು, ಗೆಳೆಯರು, ಸಂಘ, ಪ್ರಾರ್ಥನಾಮಂದಿರ ಯಾವುದರ ಒಡನಾಟವೂ ಹೆಚ್ಚಿಲ್ಲದವರು ಒಂಬತ್ತು ವರ್ಷಗಳಲ್ಲಿ ಸಾಯುವ ಸಂಭವ, ಒಡನಾಟ ಸಮೃದ್ಧವಾಗಿದ್ದವರಿಗಿಂತ ಎರಡು ಪಟ್ಟಿಗೂ ಮಿಗಿಲಾಗಿತ್ತು. ಸಿಗರೇಟು, ತೂಕ, ಬಡತನಗಳನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ಈ ಅಂತರ ಅಳಿಯಲಿಲ್ಲ. ಸಾಮಾಜಿಕ ಆಯಾಮ ಅಲಂಕಾರಕ್ಕೆ ಸೇರಿಸಿದ್ದಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಪುರಾವೆ ಬೇಕಿಲ್ಲ. ಊರು ಬಿಟ್ಟು ನಗರದ ಒಂಟಿ ಕೋಣೆ ಸೇರಿದ ಮಕ್ಕಳನ್ನು, ಹಳ್ಳಿಯ ಮನೆಯಲ್ಲಿ ಇಬ್ಬರೇ ಉಳಿದ ಅಪ್ಪ ಅಮ್ಮಂದಿರನ್ನು ನೆನೆದರೆ ಈ ಅಂಕಿ ನಮಗೂ ಹತ್ತಿರದ್ದೇ.

ಉದ್ಯೋಗದ ಆಯಾಮದ ಕಥೆಯೂ ಹೀಗೆಯೇ. 1967ರಲ್ಲಿ ಶುರುವಾದ ವೈಟ್‌ಹಾಲ್ ಅಧ್ಯಯನ ಬ್ರಿಟಿಷ್ ಸರ್ಕಾರಿ ನೌಕರರನ್ನು ಹಿಂಬಾಲಿಸಿ, ಹುದ್ದೆ ಕೆಳಗಿಳಿದಷ್ಟೂ ಸಾವಿನ ಪ್ರಮಾಣ ಮೆಟ್ಟಿಲು ಮೆಟ್ಟಿಲಾಗಿ ಏರುವುದನ್ನು ತೋರಿಸಿತು. 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಸೇರಿ ಕೊಟ್ಟ ವರದಿ ಇನ್ನೂ ನೇರ. ವಾರಕ್ಕೆ 55 ಗಂಟೆ ಅಥವಾ ಅದಕ್ಕಿಂತ ಹೆಚ್ಚು ದುಡಿಯುವವರಿಗೆ, 35ರಿಂದ 40 ಗಂಟೆ ದುಡಿಯುವವರಿಗಿಂತ ಪಾರ್ಶ್ವವಾಯುವಿನ ಅಪಾಯ ಶೇ 35ರಷ್ಟು ಹೆಚ್ಚು. ಕೆಲಸದ ಅವಧಿ ಹೆಚ್ಚಿಸುವ ಮಾತು ಕರ್ನಾಟಕದ ಐಟಿ ವಲಯದಲ್ಲಿ ಎದ್ದಾಗಲೆಲ್ಲ ಈ ಅಂಕಿಯೂ ಚರ್ಚೆಗೆ ಬರಬೇಕು.

ಅಭ್ಯಾಸ ಬದಲಿಸುವುದು ಯಾರ ಹೊಣೆ? ಈ ಕ್ಷೇತ್ರದ ದೊಡ್ಡ ಜಗಳ ಇದೇ. 1974ರಲ್ಲಿ ಕೆನಡಾದ ಆರೋಗ್ಯ ಮಂತ್ರಿ ಮಾರ್ಕ್ ಲಲಾಂಡ್ ಮಂಡಿಸಿದ ವರದಿ ಆರೋಗ್ಯವನ್ನು ರೂಪಿಸುವ ನಾಲ್ಕು ಅಂಶಗಳನ್ನು ಹೇಳಿತು: ಹುಟ್ಟಿನಿಂದ ಬಂದ ದೇಹಗುಣ, ಪರಿಸರ, ಜೀವನಶೈಲಿ, ವೈದ್ಯಕೀಯ ವ್ಯವಸ್ಥೆ. ಸರ್ಕಾರವೊಂದು ಆಸ್ಪತ್ರೆಯ ಆಚೆ ನೋಡಿದ್ದು ದೊಡ್ಡ ಹೆಜ್ಜೆ. ಆದರೆ ನಾಲ್ಕರಲ್ಲಿ ಜೀವನಶೈಲಿಯೊಂದೇ ಮಂತ್ರಿಗಳ ಬಾಯಲ್ಲಿ ಉಳಿಯಿತು, ಕಾಯಿಲೆ ಬಿದ್ದವನದೇ ತಪ್ಪು ಎಂಬ ಧಾಟಿ ಬೆಳೆಯಿತು. 1986ರ ಒಟ್ಟಾವಾ ಸನ್ನದು ಅದನ್ನು ತಿದ್ದಿ, ಒಳ್ಳೆಯ ಆಯ್ಕೆ ಸುಲಭವಾಗುವಂಥ ಪರಿಸರ ಕಟ್ಟುವುದು ಎಲ್ಲ ಇಲಾಖೆಗಳ ಕೆಲಸ ಎಂದು ಸಾರಿತು.

ಹಾಗೆ ಕಟ್ಟಿ ತೋರಿಸಿದ ಜಾಗ ಫಿನ್ಲೆಂಡಿನ ಪೂರ್ವದಂಚಿನ ಉತ್ತರ ಕರೇಲಿಯಾ. 1970ರ ಸುಮಾರಿಗೆ ಅಲ್ಲಿ ದುಡಿಯುವ ವಯಸ್ಸಿನ ಗಂಡಸರು ಹೃದಯಾಘಾತದಿಂದ ಸಾಯುತ್ತಿದ್ದ ಪ್ರಮಾಣ ಜಗತ್ತಿನಲ್ಲೇ ಅತಿ ಹೆಚ್ಚಿನವುಗಳಲ್ಲಿ ಒಂದು. ಹೈನುಗಾರಿಕೆಯ ಸೀಮೆ ಅದು. ಬ್ರೆಡ್ಡಿಗೆ ದಪ್ಪ ಬೆಣ್ಣೆ, ಕೆನೆಹಾಲು, ಉಪ್ಪು ಸುರಿದ ಅಡುಗೆ, ಜೊತೆಗೆ ಸಿಗರೇಟು. ಜನರೇ ಸರ್ಕಾರಕ್ಕೆ ಮನವಿ ಕೊಟ್ಟರು. 1972ರಲ್ಲಿ ಯೋಜನೆ ಆರಂಭವಾದಾಗ ಅದರ ಹೊಣೆ ಹೊತ್ತ ಪೆಕ್ಕಾ ಪುಸ್ಕಾ ಅವರಿಗೆ ಇನ್ನೂ ಮೂವತ್ತು ತುಂಬಿರಲಿಲ್ಲ.

ಪುಸ್ಕಾ ಉಪದೇಶವನ್ನಷ್ಟೇ ನೆಚ್ಚಿಕೊಳ್ಳಲಿಲ್ಲ. ಹಳ್ಳಿಹಳ್ಳಿಯ ಗೃಹಿಣಿಯರ ಸಂಘ ‘ಮಾರ್ಥಾ’ವನ್ನು ಜೊತೆಗೆ ಕರೆದುಕೊಂಡರು. ತರಕಾರಿ ಹೆಚ್ಚಿಸಿ, ಕೊಬ್ಬು ಮತ್ತು ಉಪ್ಪು ಇಳಿಸಿದ ಸ್ಥಳೀಯ ಅಡುಗೆಗಳನ್ನು ಆ ಹೆಂಗಸರು ಮಾಡಿ ಬಡಿಸಿದರು. ಮಾಂಸದ ಸಾಸೇಜಿಗೆ ಅಣಬೆ ಸೇರಿಸುವಂತೆ ತಯಾರಕರನ್ನು ಒಪ್ಪಿಸಲಾಯಿತು. ಕೊಲೆಸ್ಟ್ರಾಲ್ ಇಳಿಸಲು ಹಳ್ಳಿಗಳ ನಡುವೆ ಸ್ಪರ್ಧೆಗಳು ನಡೆದವು. ಡೇರಿ ರೈತರ ಹೊಟ್ಟೆಪಾಡಿನ ಪ್ರಶ್ನೆ ಎದ್ದಾಗ ಅಲ್ಲಿ ಚೆನ್ನಾಗಿ ಬೆಳೆಯುವ ಬೆರ್ರಿ ಹಣ್ಣಿನ ಕೃಷಿಗೆ ಉತ್ತೇಜನ ಸಿಕ್ಕಿತು. ಮುಂದೆ ದೇಶವೇ ಆ ದಾರಿ ಹಿಡಿಯಿತು. ನಾಲ್ಕು ದಶಕಗಳಲ್ಲಿ ಉತ್ತರ ಕರೇಲಿಯಾದ ದುಡಿಯುವ ವಯಸ್ಸಿನ ಗಂಡಸರಲ್ಲಿ ಹೃದ್ರೋಗದ ಸಾವು ಶೇ 80ಕ್ಕಿಂತ ಹೆಚ್ಚು ಕುಸಿಯಿತು. ಆರೋಗ್ಯದ ಅಭ್ಯಾಸಗಳ ಇತಿಹಾಸದಲ್ಲಿ ಇದಕ್ಕೆ ಸಾಟಿಯಾಗುವ ಉದಾಹರಣೆಗಳು ಕೆಲವೇ.

ಇತ್ತ ಮಾರುಕಟ್ಟೆ ತನ್ನದೇ ದಾರಿಯಲ್ಲಿ ನಡೆಯಿತು. ಟೋಕಿಯೊ ಒಲಿಂಪಿಕ್ಸ್ ಮುಗಿದ ಮರುವರ್ಷ, 1965ರಲ್ಲಿ, ಜಪಾನಿನ ಗಡಿಯಾರ ಕಂಪನಿಯೊಂದು ಹೆಜ್ಜೆ ಎಣಿಸುವ ಸಾಧನ ಮಾರಾಟಕ್ಕಿಟ್ಟು ಅದಕ್ಕೆ ಹತ್ತು ಸಾವಿರ ಹೆಜ್ಜೆಯ ಮೀಟರ್ ಎಂಬರ್ಥದ ಹೆಸರಿಟ್ಟಿತು. ಇಂದು ಕೈಗಡಿಯಾರಗಳು ದಿನವೂ ಬೇಡುವ 10,000 ಹೆಜ್ಜೆಯ ಗುರಿ ಹುಟ್ಟಿದ್ದು ಅಲ್ಲಿ, ಪ್ರಯೋಗಶಾಲೆಯಲ್ಲಲ್ಲ. ಹಾರ್ವರ್ಡ್‌ನ ಐ-ಮಿನ್ ಲೀ ತಂಡ 2019ರಲ್ಲಿ 16,741 ವೃದ್ಧ ಮಹಿಳೆಯರ ಹೆಜ್ಜೆಗಳನ್ನು ಪರಿಶೀಲಿಸಿದಾಗ, ದಿನಕ್ಕೆ ಸುಮಾರು 2,700 ಹೆಜ್ಜೆಯವರಿಗಿಂತ 4,400 ಹೆಜ್ಜೆಯವರಲ್ಲಿ ಸಾವಿನ ಪ್ರಮಾಣ ಶೇ 41 ಕಡಿಮೆ ಇತ್ತು. 7,500ರ ಆಸುಪಾಸಿನಲ್ಲಿ ಲಾಭ ಸಮವಾಗಿ ನಿಂತಿತು. ಮಂಡಿನೋವಿನ ಅಜ್ಜಿಗೆ ಇದು ಸಮಾಧಾನದ ಸುದ್ದಿ. 21 ದಿನಗಳಲ್ಲಿ ಅಭ್ಯಾಸ ನೆಲೆಯೂರುತ್ತದೆ ಎಂಬ ಜನಪ್ರಿಯ ಮಾತಿಗೂ ಗಟ್ಟಿ ಬುಡವಿಲ್ಲ. ಲಂಡನ್ನಿನಲ್ಲಿ ಫಿಲಿಪ್ಪಾ ಲ್ಯಾಲಿ ತಂಡ ನಡೆಸಿದ ಅಧ್ಯಯನದಲ್ಲಿ ಹೊಸ ಅಭ್ಯಾಸ ತಾನಾಗಿಯೇ ನಡೆಯುವ ಹಂತ ಮುಟ್ಟಲು ಕೆಲವರಿಗೆ 18 ದಿನ ಸಾಕಾದರೆ, ಲೆಕ್ಕಾಚಾರದಂತೆ ಇನ್ನು ಕೆಲವರಿಗೆ 254 ದಿನ ಬೇಕಿತ್ತು. ನಡುವೆ ಒಂದು ದಿನ ತಪ್ಪಿದರೆ ನಷ್ಟವೇನಿಲ್ಲ ಎಂದೂ ಆ ತಂಡ ಕಂಡುಕೊಂಡಿತು.

ಕರ್ನಾಟಕದ ಅನುಭವವೂ ಈ ಚರಿತ್ರೆಯ ಹೊರಗಿಲ್ಲ. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ನುಗ್ಗಿದಾಗ ಪೇಟೆಯ ಇಕ್ಕಟ್ಟಿನಿಂದ ಜನರನ್ನು ಹೊರತರಲು ಮಲ್ಲೇಶ್ವರ ಮತ್ತು ಬಸವನಗುಡಿ ಬಡಾವಣೆಗಳು ರೂಪುಗೊಂಡವು. ಅಗಲ ರಸ್ತೆ, ಗಾಳಿಬೆಳಕಿನ ಮನೆ, ಕಸ ಸಾಗಿಸಲು ಹಿಂದಿನ ಓಣಿ ಎಲ್ಲವೂ ಆರೋಗ್ಯದ ಲೆಕ್ಕದಲ್ಲೇ ಬಂದವು. ಮಾನಸಿಕ ಆರೋಗ್ಯದಲ್ಲಂತೂ ರಾಜ್ಯ ದೇಶಕ್ಕೇ ದಾರಿ ತೋರಿದೆ. 1980ರ ದಶಕದಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಕಾರ್ಯಕರ್ತರಿಗೂ ತರಬೇತಿ ಕೊಟ್ಟು, ಮನೋರೋಗಕ್ಕೆ ಊರಿನ ಹತ್ತಿರವೇ ಔಷಧ ಸಿಗುವಂತೆ ಮಾಡಿತು. 1996ರಲ್ಲಿ ಶುರುವಾದ ರಾಷ್ಟ್ರದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಆ ಬಳ್ಳಾರಿ ಮಾದರಿಯೇ ಆಧಾರ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ-ಮಾನಸ್ ಸಹಾಯವಾಣಿಯ ಬೆನ್ನೆಲುಬೂ ನಿಮ್ಹಾನ್ಸ್. ಸಂಖ್ಯೆ 14416, ಕನ್ನಡದಲ್ಲೂ ಮಾತಾಡಬಹುದು, ಕರೆಗೆ ದುಡ್ಡಿಲ್ಲ.

ಊಟದ ವಿಷಯಕ್ಕೆ ಬಂದರೆ ಚಕ್ರ ಒಂದು ಸುತ್ತು ತಿರುಗಿದೆ. ಬಿಳಿ ಅಕ್ಕಿ ಅಂತಸ್ತಿನ ಗುರುತಾಗಿ ರಾಗಿ, ಜೋಳ ಬಡವರ ಊಟ ಎನಿಸಿಕೊಂಡ ದಶಕಗಳಲ್ಲೇ ಮಂಡ್ಯದಲ್ಲಿ ಸಸ್ಯವಿಜ್ಞಾನಿ ಲಕ್ಷ್ಮಣಯ್ಯನವರು ಭಾರತದ ಮತ್ತು ಆಫ್ರಿಕಾದ ರಾಗಿಯನ್ನು ಕೂಡಿಸಿ ‘ಇಂಡಾಫ್’ ತಳಿಗಳನ್ನು ತಂದರು. ಇಳುವರಿ ಏರಿದ್ದರಿಂದಲೇ ರಾಗಿ ಹೊಲದಲ್ಲಿ ಉಳಿಯಿತು. ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯ ವರ್ಷವೆಂದು ಘೋಷಿಸುವ ಹೊತ್ತಿಗೆ ಅದೇ ರಾಗಿ ನಗರದ ಮಳಿಗೆಗಳಲ್ಲಿ ಅಂದದ ಪೊಟ್ಟಣ ಸೇರಿತ್ತು. ಪಡಿತರದಲ್ಲಿ ದಕ್ಷಿಣದ ಜಿಲ್ಲೆಗಳಿಗೆ ರಾಗಿ, ಉತ್ತರದವಕ್ಕೆ ಜೋಳ ಕೊಡುವ ಕ್ರಮ ದುಬಾರಿ ಪೊಟ್ಟಣಗಳಿಗಿಂತ ಹೆಚ್ಚು ತಟ್ಟೆಗಳನ್ನು ಮುಟ್ಟುತ್ತದೆ, ಅದು ತಪ್ಪದೆ ನಡೆಯಬೇಕು. ತಂಬಾಕಿನಲ್ಲೂ ಕಾನೂನು ಕೆಲಸ ಮಾಡಿದೆ. ಸಾರ್ವಜನಿಕ ಸ್ಥಳಗಳಲ್ಲಿ ಧೂಮಪಾನ ನಿಷೇಧ, ಪ್ಯಾಕೆಟ್ಟಿನ ಮೇಲಿನ ಎಚ್ಚರಿಕೆ ಚಿತ್ರ, ಗುಟ್ಕಾ ನಿಷೇಧಗಳ ಅವಧಿಯಲ್ಲಿ, ಎಂದರೆ 2009-10ರಿಂದ 2016-17ರ ನಡುವೆ, ದೇಶದ ವಯಸ್ಕರಲ್ಲಿ ತಂಬಾಕು ಬಳಸುವವರ ಪ್ರಮಾಣ ಶೇ 34.6ರಿಂದ 28.6ಕ್ಕೆ ಇಳಿಯಿತು.

ಉಳಿದ ಅಂಕಿಗಳು ನೆಮ್ಮದಿ ಕೊಡುವಂಥವಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಜೊತೆ ನಡೆದ, 2023ರಲ್ಲಿ ಪ್ರಕಟವಾದ ಸಮೀಕ್ಷೆಯ ಅಂದಾಜಿನಂತೆ ದೇಶದಲ್ಲಿ 10.1 ಕೋಟಿ ಜನರಿಗೆ ಸಕ್ಕರೆ ಕಾಯಿಲೆ ಇದೆ, ಇನ್ನೂ 13.6 ಕೋಟಿ ಜನ ಅದರ ಹೊಸ್ತಿಲಲ್ಲಿದ್ದಾರೆ. ಸಾಕಷ್ಟು ದೈಹಿಕ ಚಟುವಟಿಕೆ ಇಲ್ಲದ ವಯಸ್ಕರು 2000ದಲ್ಲಿ ಶೇ 22ರಷ್ಟಿದ್ದರು, 2022ರಲ್ಲಿ ಸುಮಾರು ಅರ್ಧ. ಹೆಂಗಸರಲ್ಲಿ ಇದು ಶೇ 57, ಗಂಡಸರಲ್ಲಿ ಶೇ 42. ಹೆಂಗಸರ ಆಲಸ್ಯ ಎಂದು ಇದನ್ನು ತಳ್ಳಿಹಾಕುವವರು ಒಮ್ಮೆ ಬೆಳಗಿನ ಆರು ಗಂಟೆಗೆ ಯಾವುದೇ ಉದ್ಯಾನಕ್ಕೆ ಹೋಗಿ ನೋಡಲಿ. ಗಂಡ ವಾಕಿಂಗ್ ಹೊರಟ ಹೊತ್ತಿನಲ್ಲಿ ಹೆಂಡತಿ ಒಲೆಯ ಮುಂದೆ ಮಕ್ಕಳ ಡಬ್ಬಿ ತುಂಬುತ್ತಿರುತ್ತಾಳೆ. ಸಂಜೆ ಅವಳಿಗೆ ಬಿಡುವಾದಾಗ ಬೀದಿದೀಪ ಇರುವುದಿಲ್ಲ, ಫುಟ್‌ಪಾತಿನ ಮೇಲೆ ವಾಹನ ನಿಂತಿರುತ್ತದೆ.

2024ರಲ್ಲಿ ಬೆಂಗಳೂರಿನ ಪಾಲಿಕೆ ಮಧ್ಯಾಹ್ನ ಬೀಗ ಬೀಳುತ್ತಿದ್ದ ತನ್ನ ಉದ್ಯಾನಗಳನ್ನು ಬೆಳಿಗ್ಗೆ 5ರಿಂದ ರಾತ್ರಿ 10ರವರೆಗೆ ತೆರೆದಿಡಲು ನಿರ್ಧರಿಸಿತು. ಹೆಚ್ಚು ಖರ್ಚಿಲ್ಲದ, ಮನೆಗೆಲಸದ ಹೆಂಗಸರಿಗೂ ಪಾಳಿ ಕೆಲಸದವರಿಗೂ ಒದಗುವ ಕ್ರಮ ಇದು. ಉಳಿದ ನಗರ, ಪಟ್ಟಣಗಳ ಉದ್ಯಾನಗಳೂ ಹೀಗೆ ತೆರೆದಿರಲಿ, ಅವುಗಳಲ್ಲಿ ದೀಪ ಮತ್ತು ಶೌಚಾಲಯ ಇರಲಿ. ಮುಂದಿನ ಚುನಾವಣೆಯಲ್ಲಿ ಮತ ಕೇಳಲು ಬರುವವರ ಮುಂದೆ ಓದುಗರು ಈ ಬೇಡಿಕೆಗಳನ್ನು ಇಡಬೇಕು.